ಮನೆಯಲ್ಲಿ ಕಾರು ಚಾರ್ಜ್ ಆಗುತ್ತಿಲ್ಲವೇ? ಮೊದಲು ಗೋಡೆಯ ಸಾಕೆಟ್ ನೋಡಿ

ಎಲೆಕ್ಟ್ರಿಕ್ ಕಾರಿನ ಜೊತೆ ಕೊಡುವ ಪೋರ್ಟಬಲ್ ಚಾರ್ಜರ್ ಮನೆಯಲ್ಲಿ ಕೆಂಪು ದೀಪ ತೋರಿಸಿದರೆ ಹೆಚ್ಚಿನವರು ಮೊದಲು ಫೋನ್ ಮಾಡುವುದು ಶೋರೂಮಿಗೆ. ಅವರು ಕಾರು ತರಿಸಿಕೊಂಡು ತಮ್ಮ ಸಾಕೆಟ್‌ನಲ್ಲಿ ಹಾಕಿ ನೋಡುತ್ತಾರೆ. ಅಲ್ಲಿ ಆರಾಮಾಗಿ ಚಾರ್ಜ್ ಆಗುತ್ತದೆ. ಮನೆಗೆ ತಂದರೆ ಮತ್ತೆ ಕೆಂಪು. ಯಾಕೆಂದರೆ ಬಹಳ ಸಲ ದೋಷ ಕಾರಿನಲ್ಲಿ ಇರುವುದಿಲ್ಲ, ಮನೆಯ ವೈರಿಂಗ್‌ನಲ್ಲಿ ಇರುತ್ತದೆ. ಅದು ಎಷ್ಟೋ ವರ್ಷದಿಂದ ಅಲ್ಲೇ ಇದ್ದಿರಬಹುದು. ಫ್ರಿಜ್ಜು, ಮಿಕ್ಸಿ, ಗೀಸರ್ ಯಾವುದೂ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಹರಿಸುವ ವ್ಯವಸ್ಥೆ) ಸರಿಯಿದೆಯೇ ಎಂದು ನೋಡುವುದಿಲ್ಲ. ಕಾರಿನ ಚಾರ್ಜರ್ ನೋಡುತ್ತದೆ. ಸರಿಯಿಲ್ಲ ಅಂದರೆ ಕರೆಂಟ್ ಬಿಡುವುದಿಲ್ಲ.

ಹದಿನೈದು ಆಂಪ್ ಪ್ಲಗ್‌ನಲ್ಲಿ (ಈಗಿನವುಗಳ ಮೇಲೆ 16 ಎಂದಿರುತ್ತದೆ) ಕಾರು ಚಾರ್ಜ್ ಮಾಡುವುದು ನಮಗೆ ಹೊಸದೇನೂ ಅಲ್ಲ. ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗೆ ಇಳಿದು ಇದೇ ಪ್ಲಗ್ ಬಳಸುತ್ತಿತ್ತು. ಅದರ ಲೆಡ್ ಆಸಿಡ್ ಬ್ಯಾಟರಿ ಚಿಕ್ಕದು. ಈಗಿನ ಕಾರುಗಳ ಬ್ಯಾಟರಿ ದೊಡ್ಡದು, ಹಾಗಾಗಿ ಸಾಕೆಟ್ ಮೇಲೆ ಬೀಳುವ ಕೆಲಸವೂ ಉದ್ದ.

ಆ ಕೆಲಸ ಎಷ್ಟು ಅಂತ ಮೊದಲು ಲೆಕ್ಕ ಹಾಕೋಣ. ಮನೆಯ ಪ್ಲಗ್‌ನಿಂದ ಕಾರು ಎಳೆಯುವುದು ಹೆಚ್ಚೆಂದರೆ 3.3 ಕಿಲೋವ್ಯಾಟ್. 230 ವೋಲ್ಟ್‌ನಲ್ಲಿ ಅದು ಸುಮಾರು 14 ಆಂಪ್. 2 ಕಿಲೋವ್ಯಾಟ್ ಗೀಸರ್ ಎಳೆಯುವುದು 9 ಆಂಪ್‌ಗೂ ಕಡಿಮೆ, ಅದೂ ಇಪ್ಪತ್ತು ನಿಮಿಷ, ಆಮೇಲೆ ತಾನೇ ಆಫ್ ಆಗುತ್ತದೆ. ಕಾರು ಹಾಗಲ್ಲ. 30 ಯೂನಿಟ್ ಹಿಡಿಸುವ ಬ್ಯಾಟರಿಯನ್ನು ಶೇ. 20ರಿಂದ ತುಂಬಿಸಲು, ದಾರಿಯಲ್ಲಿ ಪೋಲಾಗುವುದೂ ಸೇರಿ, ಸುಮಾರು ಎಂಟು ಗಂಟೆ ಬೇಕು. ಎಂಟು ಗಂಟೆ ಬಿಡುವಿಲ್ಲದೆ 14 ಆಂಪ್. ಮನೆಯಲ್ಲಿ ಬೇರೆ ಯಾವ ಸಾಮಾನೂ ಸಾಕೆಟ್‌ನಿಂದ ಇಷ್ಟು ಕೆಲಸ ತೆಗೆಯುವುದಿಲ್ಲ. "ಇದೇ ಸಾಕೆಟ್‌ನಲ್ಲಿ ಹತ್ತು ವರ್ಷ ಗೀಸರ್ ನಡೆದಿದೆ ಸಾರ್" ಎನ್ನುವ ಮಾತು ಅದಕ್ಕೇ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮುಟ್ಟುವ ಮೊದಲು

ಸುಟ್ಟ ವಾಸನೆ, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿರುವುದು, ಚಟಚಟ ಸದ್ದು, ಕಾರಿನ ಬಾಡಿ ಮುಟ್ಟಿದರೆ ಜುಮ್ಮೆನ್ನುವುದು. ಇದರಲ್ಲಿ ಯಾವುದು ಕಂಡರೂ ಪರೀಕ್ಷೆ ಮಾಡುತ್ತಾ ಕೂರಬೇಡಿ. ಪ್ಲಗ್‌ಗೂ ಕೈ ಹಾಕಬೇಡಿ. ನೇರವಾಗಿ ಮೇನ್ ಬೋರ್ಡ್‌ಗೆ ಹೋಗಿ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ.

ಮಾಮೂಲಿ ದಿನಗಳಲ್ಲೂ ಒಂದು ಕ್ರಮ ಇಟ್ಟುಕೊಳ್ಳಿ. ಹಾಕುವಾಗ ಮೊದಲು ಗೋಡೆಯ ಪ್ಲಗ್, ಆಮೇಲೆ ಸ್ವಿಚ್, ಕೊನೆಗೆ ಕಾರಿಗೆ ಗನ್ (ಕೇಬಲ್ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿ). ತೆಗೆಯುವಾಗ ಉಲ್ಟಾ: ಕಾರಿನಲ್ಲಿ ಚಾರ್ಜಿಂಗ್ ನಿಲ್ಲಿಸಿ, ಗನ್ ತೆಗೆದು, ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್. ಚಾರ್ಜ್ ಆಗುತ್ತಿರುವಾಗಲೇ ಗೋಡೆಯಿಂದ ಪ್ಲಗ್ ಕಿತ್ತರೆ ಪಿನ್ ತುದಿಯಲ್ಲಿ ಕಿಡಿ ಹಾರುತ್ತದೆ. ಪ್ರತಿ ಕಿಡಿಗೂ ಪಿನ್ ಸ್ವಲ್ಪ ಸ್ವಲ್ಪ ಸುಡುತ್ತದೆ. ಸುಟ್ಟ ಪಿನ್ ಮುಂದೆ ಬಿಸಿಯಾಗುತ್ತದೆ.

ಮುಂದೆ ಹೇಳುವುದರಲ್ಲಿ ಕಣ್ಣಿಂದ ನೋಡುವುದು, ಕೈಯಿಂದ ಮುಟ್ಟಿ ಬಿಸಿ ನೋಡುವುದು, ಗನ್ ಹಾಕಿ ತೆಗೆಯುವುದು ನಿಮ್ಮ ಕೆಲಸ. ಸಾಕೆಟ್ ಬಿಚ್ಚುವುದು, ಮೀಟರ್ ಬೋರ್ಡ್‌ನಲ್ಲಿ ಅಳೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ದೋಷ ಯಾವ ಕಡೆ?

ಕೇಬಲ್ ಮಧ್ಯೆ ಇರುವ ಡಬ್ಬಿ ಬರೀ ಅಡಾಪ್ಟರ್ ಅಲ್ಲ. ನಿಜವಾದ ಚಾರ್ಜರ್ ಕಾರಿನ ಒಳಗಿರುತ್ತದೆ. ಡಬ್ಬಿಯದು ಕಾವಲು ಕೆಲಸ. ಸ್ವಿಚ್ ಹಾಕಿದ ತಕ್ಷಣ ಅದು ಗೋಡೆಯ ಕಡೆ ನೋಡುತ್ತದೆ: ವೋಲ್ಟೇಜ್ ಸರಿಯಿದೆಯೇ, ಅರ್ಥ್ ಇದೆಯೇ. ಗನ್ ಹಾಕಿದ ಮೇಲೆ ಒಂದು ಸಣ್ಣ ವೈರಿನ ಮೂಲಕ ಕಾರಿನ ಜೊತೆ ಮಾತಾಡುತ್ತದೆ. ಆ ವೈರಿನಲ್ಲಿ ಮೊದಲು 12 ವೋಲ್ಟ್ ಇರುತ್ತದೆ. ಗನ್ ಕೂತರೆ 9ಕ್ಕೆ ಇಳಿಯುತ್ತದೆ. ಕಾರು "ಕೊಡು" ಎಂದರೆ 6ಕ್ಕೆ. ಆಗ ಡಬ್ಬಿಯೊಳಗಿನ ರಿಲೇ (ತಾನೇ ಆನ್ ಆಗುವ ಸ್ವಿಚ್) ಟಿಕ್ ಎಂದು ಕೂತು 230 ವೋಲ್ಟ್ ಮುಂದೆ ಹೋಗುತ್ತದೆ. ಎಷ್ಟು ಆಂಪ್ ತನಕ ಎಳೆಯಬಹುದು ಎಂದು ಕಾರಿಗೆ ಹೇಳುವುದೂ ಅದೇ ಸಣ್ಣ ವೈರು.

ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಗನ್ ಅನ್ನು ಕಾರಿಗೆ ಹಾಕಬೇಡಿ. ಬರೀ ಗೋಡೆಗೆ ಪ್ಲಗ್ ಹಾಕಿ ಸ್ವಿಚ್ ಒತ್ತಿ. ಆಗಲೇ ಕೆಂಪು ಬಂತೇ? ಹಾಗಾದರೆ ಕಾರಿಗೂ ಇದಕ್ಕೂ ಸಂಬಂಧವೇ ಇಲ್ಲ. ದೋಷ ಗೋಡೆಯಲ್ಲಿ, ಇಲ್ಲವೇ ಡಬ್ಬಿಯಲ್ಲಿ. ಡಬ್ಬಿಯನ್ನು ಅರ್ಥಿಂಗ್ ಸರಿಯಿರುವುದು ಗೊತ್ತಿರುವ ಬೇರೆ ಕಡೆ ಹಾಕಿ. ಅಲ್ಲಿ ಹಸಿರು ಬಂದರೆ ನಿಮ್ಮ ಮನೆಯ ಗೋಡೆಯೇ ಸರಿ ಇಲ್ಲ. ಅಲ್ಲೂ ಕೆಂಪಾದರೆ ಡಬ್ಬಿ ಕೆಟ್ಟಿದೆ. ದೀಪದ ಬಣ್ಣ, ಎಷ್ಟು ಸಲ ಮಿನುಗುತ್ತದೆ ಎನ್ನುವುದಕ್ಕೆ ಒಂದೊಂದು ಕಂಪನಿಯದು ಒಂದೊಂದು ಅರ್ಥ. ಡಬ್ಬಿಯ ಹಿಂದೆ ಅಥವಾ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಮಿನುಗುವುದನ್ನು ಫೋನ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಫೋನಿನಲ್ಲಿ ಬಾಯಲ್ಲಿ ವರ್ಣಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಡಬ್ಬಿ ಹಸಿರಾಗಿದ್ದು, ಗನ್ ಹಾಕಿದ ಮೇಲೂ ಟಿಕ್ ಸದ್ದು ಬರದಿದ್ದರೆ ಕಾರಿನ ಕಡೆ ನೋಡಿ. ಇಲ್ಲಿ ಹೆಚ್ಚಿನವು ಸಣ್ಣ ವಿಷಯಗಳು. ರಾತ್ರಿ ಇಂತಿಷ್ಟು ಗಂಟೆಗೆ ಶುರು ಮಾಡು ಎಂದು ಯಾರೋ ಆ್ಯಪ್‌ನಲ್ಲಿ ಟೈಮರ್ ಹಾಕಿರುತ್ತಾರೆ. ಶೇ. 80ಕ್ಕೆ ನಿಲ್ಲಿಸು ಎಂದು ಹೇಳಿದ್ದು ಮರೆತಿರುತ್ತದೆ. ಗನ್ ಪೂರ್ತಿ ಒಳಗೆ ಕೂತಿರುವುದಿಲ್ಲ. ಗನ್ ಬಾಯಲ್ಲಿ ಧೂಳು, ನೀರು. ಕಾರಿನ ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತಿದ್ದರೂ ಕಾರು ಎಚ್ಚರವಾಗುವುದಿಲ್ಲ, ದೊಡ್ಡ ಬ್ಯಾಟರಿಯಲ್ಲಿ ಎಷ್ಟೇ ಚಾರ್ಜ್ ಇರಲಿ. ಬಹಳ ದಿನ ನಿಲ್ಲಿಸಿದ್ದ ಕಾರಿನಲ್ಲಿ ಇದನ್ನೇ ಮೊದಲು ಅನುಮಾನಿಸಿ. ಇಷ್ಟೂ ಸರಿಯಿದ್ದರೆ ಮಾತ್ರ ಸರ್ವಿಸ್ ಸೆಂಟರ್.

ಅರ್ಥಿಂಗ್ ಫಾಲ್ಟ್

ಗೋಡೆಯ ಕಡೆಯ ದೋಷಗಳಲ್ಲಿ ಅತಿ ಹೆಚ್ಚು ಕಾಡುವುದು ಇದೇ. ಸಾಕೆಟ್‌ಗೆ ಮೂರು ತೂತು ಇದ್ದ ಮಾತ್ರಕ್ಕೆ ಮೂರು ವೈರು ಬಂದಿದೆ ಎಂದಲ್ಲ. ಪಾರ್ಕಿಂಗ್ ಜಾಗದಲ್ಲಿ ಆಮೇಲೆ ಹಾಕಿಸಿದ ಸಾಕೆಟ್‌ಗಳಲ್ಲಿ ಮೇಲಿನ ದೊಡ್ಡ ತೂತಿಗೆ ವೈರೇ ಇರದಿರುವುದು ಮಾಮೂಲು. ವೈರ್ ಇದ್ದರೂ ಅದು ಬೋರ್ಡ್‌ನ ಒಳಗೆ ಸ್ಕ್ರೂ ಬಿಟ್ಟು ನೇತಾಡುತ್ತಿರಬಹುದು. ಹಳೆಯ ಮನೆಗಳಲ್ಲಿ ಹಸಿರು ವೈರನ್ನು ನೀರಿನ ಜಿಐ (ಕಬ್ಬಿಣದ) ಪೈಪಿಗೆ ಸುತ್ತಿರುತ್ತಾರೆ. ಆಗ ಅದು ಹೇಗೋ ನಡೆಯುತ್ತಿತ್ತು. ಆಮೇಲೆ ಪ್ಲಂಬರ್ ಬಂದು ಜಿಐ ತೆಗೆದು ಪಿವಿಸಿ ಹಾಕಿ ಹೋದ. ಅವತ್ತೇ ಮನೆಯ ಅರ್ಥಿಂಗ್ ಹೋಯಿತು, ಮನೆಯವರಿಗೆ ಗೊತ್ತೇ ಆಗಲಿಲ್ಲ.

ಪೈಪ್ ಹೂತ ಅರ್ಥ್ ಗುಂಡಿಯೇ ಇದ್ದರೂ ಅದಕ್ಕೆ ಆಯುಸ್ಸಿದೆ. ಪೈಪ್ ತುಕ್ಕು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ನೆಲ ಒಣಗಿದರೆ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ. "ಮಳೆಗಾಲದಲ್ಲಿ ಚೆನ್ನಾಗಿತ್ತು, ಈಗ ಕೆಂಪು ಬರ್ತಿದೆ" ಎನ್ನುವ ದೂರಿನ ಹಿಂದೆ ಇರುವುದು ಇದೇ. ಒಂದೆರಡು ಬಕೆಟ್ ನೀರು ಹಾಕಿದ ಮೇಲೆ ಚಾರ್ಜರ್ ಹಸಿರಾದರೆ ರೋಗ ಸಿಕ್ಕಂತಾಯಿತು. ಆದರೆ ಅದು ಮದ್ದಲ್ಲ. ಗುಂಡಿಯನ್ನು ಹೊಸದಾಗಿ ಮಾಡಿಸಬೇಕು. ಮಾಡಿಸಿದ ಮೇಲೆ ಅರ್ಥ್ ಟೆಸ್ಟರ್‌ನಲ್ಲಿ ಅಳೆದು ತೋರಿಸು ಎಂದು ಕೇಳಿ. 5 ಓಮ್ ಒಳಗೆ ಬಂದರೆ ಒಳ್ಳೆಯದು.

ಈಗ ಅಳತೆಗೆ ಬರೋಣ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ಮೂರು ಅಳತೆ ತೆಗೆಯಬೇಕು. ಫೇಸ್ (ಕರೆಂಟ್ ತರುವ ವೈರು) ಮತ್ತು ನ್ಯೂಟ್ರಲ್ (ಅದು ಹಿಂದಿರುಗುವ ವೈರು) ನಡುವೆ 230ರ ಆಸುಪಾಸು. ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್. ಫೇಸ್‌ನಿಂದ ಅರ್ಥ್‌ಗೆ 140, 160 ಎಂದು ಅಡ್ಡಾದಿಡ್ಡಿ ತೋರಿಸಿದರೆ ಅರ್ಥ್ ಎಲ್ಲೋ ಕಡಿದಿದೆ. ನ್ಯೂಟ್ರಲ್‌ನಿಂದ ಅರ್ಥ್‌ಗೆ ಐದಾರು ವೋಲ್ಟ್‌ಗಿಂತ ಜಾಸ್ತಿ ಇದ್ದರೆ ನ್ಯೂಟ್ರಲ್ ಲೂಸ್ ಇರಬಹುದು, ಅರ್ಥ್ ಸೊರಗಿರಬಹುದು.

ಆದರೆ ಮೂರೂ ಸರಿ ಬಂದರೂ ನಂಬಿ ಕೂರಬೇಡಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಕೂದಲೆಳೆಯಷ್ಟು ಅರ್ಥ್ ಇದ್ದರೂ ಅದು 228 ಎಂದು ಜಂಬದಿಂದ ತೋರಿಸುತ್ತದೆ. ಹಳೆಯ ಕಾಲದ ಎಲೆಕ್ಟ್ರಿಷಿಯನ್‌ಗಳು ಹೋಲ್ಡರ್‌ಗೆ 100 ವ್ಯಾಟ್ ಬಲ್ಬ್ ಹಾಕಿ ಫೇಸ್‌ಗೂ ಅರ್ಥ್‌ಗೂ ಕೊಟ್ಟು ನೋಡುತ್ತಿದ್ದುದು ಇದಕ್ಕೇ. ಬಲ್ಬ್ ಪೂರ್ತಿ ಉರಿದರೆ ಅರ್ಥ್ ಪರವಾಗಿಲ್ಲ, ಮಂಕಾದರೆ ಇಲ್ಲ. ಲೈನ್‌ನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಇದ್ದರೆ ಬಲ್ಬ್ ಉರಿಯುವ ಮೊದಲೇ ಅದು ಬೀಳುತ್ತದೆ, ಬೀಳಲೇಬೇಕು. ಈ ಪರೀಕ್ಷೆ ಅವರ ಕೈಯಲ್ಲೇ ಇರಲಿ, ಮನೆಯಲ್ಲಿ ನೀವು ಮಾಡಲು ಹೋಗಬೇಡಿ. ಇನ್ನು ಸ್ಕ್ರೂಡ್ರೈವರ್ ತರಹದ ನಿಯಾನ್ ಟೆಸ್ಟರ್ ಇದೆಯಲ್ಲ, ಅದು ಫೇಸ್ ಎಲ್ಲಿದೆ ಎಂದು ಹೇಳುತ್ತದೆ ಅಷ್ಟೇ. ಅರ್ಥ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೂ ಕೆಲವು ಡಬ್ಬಿಗಳು ಕೆಲಸ ಮಾಡುವುದಿಲ್ಲ. ಸಾಕೆಟ್ ಎದುರು ನಿಂತು ನೋಡಿದರೆ ಅರ್ಥ್ ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ ಇರಬೇಕು.

ನ್ಯೂಟ್ರಲ್‌ಗೆ ಲೂಪ್ ಹಾಕುವ ಚಾಳಿ

ಅರ್ಥ್ ಇಲ್ಲದ ಸಾಕೆಟ್‌ನಲ್ಲೂ ಚಾರ್ಜರ್ ಹಸಿರಾಗುವಂತೆ ಮಾಡಲು ಒಂದು ಅಡ್ಡದಾರಿ ಚಾಲ್ತಿಯಲ್ಲಿದೆ. ಸಾಕೆಟ್ ಬಿಚ್ಚಿ, ನ್ಯೂಟ್ರಲ್ ಮತ್ತು ಅರ್ಥ್ ಟರ್ಮಿನಲ್ ನಡುವೆ ಒಂದು ತುಂಡು ವೈರು. ಎರಡು ನಿಮಿಷದ ಕೆಲಸ. ಕೆಂಪು ಹೋಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಎಲ್ಲರಿಗೂ ಖುಷಿ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಅದನ್ನು ಮಾಡಿಸಬೇಡಿ, ಮಾಡುತ್ತೇನೆ ಎಂದವರನ್ನು ಸಾಕೆಟ್ ಹತ್ತಿರ ಬಿಡಬೇಡಿ.

ಯಾಕೆ ಅಂತ ನೋಡಿ. ಅರ್ಥ್ ಪಿನ್ ನೇರವಾಗಿ ಕಾರಿನ ಲೋಹದ ಬಾಡಿಗೆ ಸೇರುತ್ತದೆ. ಲೂಪ್ ಹಾಕಿದ ಮೇಲೆ ಕಾರಿನ ಬಾಡಿ ಮನೆಯ ನ್ಯೂಟ್ರಲ್‌ಗೆ ಸೇರಿದಂತೆ. ಗಾಳಿಮಳೆಗೆ ಕಂಬದಿಂದ ಬರುವ ನ್ಯೂಟ್ರಲ್ ವೈರು ಕಡಿಯಿತು ಎಂದುಕೊಳ್ಳಿ. ನಮ್ಮಲ್ಲಿ ಇದು ಅಪರೂಪವೇನಲ್ಲ. ಆಗ ಮನೆಯೊಳಗೆ ಆನ್ ಇರುವ ಬಲ್ಬು, ಫ್ರಿಜ್ಜುಗಳ ಮೂಲಕ ಹಾದ ಫೇಸ್ ಹಿಂದಿರುಗಲು ದಾರಿಯಿಲ್ಲದೆ ನ್ಯೂಟ್ರಲ್ ವೈರಿನಲ್ಲೇ ನಿಲ್ಲುತ್ತದೆ. ಅಂದರೆ ಕಾರಿನ ಬಾಡಿಯಲ್ಲಿ 230 ವೋಲ್ಟ್. ಕಾರು ರಬ್ಬರ್ ಟೈರ್ ಮೇಲೆ ನಿಂತಿರುವುದರಿಂದ ಏನೂ ಆಗದಂತೆ ಕಾಣುತ್ತದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟುವವರ ಮೈಯೇ ಆ ಕರೆಂಟಿಗೆ ದಾರಿ. ಇನ್ನೊಂದು ದಿನ ಯಾರೋ ಬೋರ್ಡ್ ರಿಪೇರಿ ಮಾಡುವಾಗ ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದರೂ ಸಾಕು, ಕಾರಿನ ಬಾಡಿಗೆ ನೇರ ಫೇಸ್. ಆರ್‌ಸಿಸಿಬಿ ಇದ್ದರೂ ಅದು ಬೀಳುವುದು ಯಾರಾದರೂ ಮುಟ್ಟಿದ ಮೇಲೆ. ಹಳೆಯ ಮನೆಗಳಲ್ಲಿ ಅದೂ ಇರುವುದಿಲ್ಲ.

ಹೊಸ ಅರ್ಥ್ ಗುಂಡಿಯ ಖರ್ಚು ಕಾರಿನ ಬೆಲೆಯ ಮುಂದೆ ಏನೂ ಅಲ್ಲ.

ಜನರೇಟರ್‌ನಲ್ಲಿ ಹಾಕಿದಾಗಲೂ ಇದೇ ಕೆಂಪು ಬರುತ್ತದೆ. ಚಿಕ್ಕ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಯಾವುದಕ್ಕೂ ಕಟ್ಟಿಹಾಕದೆ ತೇಲುತ್ತಿರುತ್ತದೆ. ಡಬ್ಬಿಯ ಕಣ್ಣಿಗೆ ಅದು ಅರ್ಥ್ ಇಲ್ಲದ ಮನೆ. ಅಲ್ಲಿ ದೋಷವೇನೂ ಇಲ್ಲ, ಆದರೆ ಚಾರ್ಜ್ ಆಗುವುದಿಲ್ಲ. ಮನೆಯ ಯುಪಿಎಸ್ ಲೈನಿಗಂತೂ ಕಾರನ್ನು ಸೇರಿಸಲೇಬೇಡಿ. ಫ್ಯಾನು, ಲೈಟಿಗೆಂದು ಇಟ್ಟ ಯುಪಿಎಸ್ 3.3 ಕಿಲೋವ್ಯಾಟ್ ತಡೆಯುವುದಿಲ್ಲ.

ಪ್ಲಗ್ ಬಿಸಿಯಾಗುತ್ತಿದೆ

ಅರ್ಥಿಂಗ್ ಕೆಟ್ಟರೆ ಚಾರ್ಜರ್ ನಿಲ್ಲುತ್ತದೆ. ಪ್ಲಗ್ ಬಿಸಿಯಾದರೆ ಎಲ್ಲ ಚಾರ್ಜರ್‌ಗಳೂ ನಿಲ್ಲುವುದಿಲ್ಲ. ಕೆಲವಕ್ಕೆ ಪ್ಲಗ್ ಒಳಗೆ ಬಿಸಿ ಅಳೆಯುವ ಸೆನ್ಸರ್ ಇದೆ, ಬಿಸಿಯಾದರೆ ಕರೆಂಟ್ ಇಳಿಸುತ್ತವೆ. ಎಷ್ಟೋ ಚಾರ್ಜರ್‌ಗಳಿಗೆ ಇಲ್ಲ. ಹಾಗಾಗಿ ಇದನ್ನು ನೀವೇ ನೋಡಿಕೊಳ್ಳಬೇಕು.

ಚಾರ್ಜ್ ಶುರುವಾಗಿ ಒಂದು ಗಂಟೆ ಆದ ಮೇಲೆ ಪ್ಲಗ್‌ನ ಹೊರಮೈ, ಸಾಕೆಟ್‌ನ ಪ್ಲಾಸ್ಟಿಕ್, ಸ್ವಿಚ್ ಮೂರನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಹಜ. ಕೈ ಇಟ್ಟು ಐದು ಎಣಿಸುವಷ್ಟು ಹೊತ್ತು ತಡೆಯಲು ಆಗದಿದ್ದರೆ ಹೊರಗೇ 60 ಡಿಗ್ರಿಯ ಆಸುಪಾಸು ಇದೆ. ಒಳಗಿನ ಪಿನ್ ಇನ್ನೂ ಜಾಸ್ತಿ. ನಿಲ್ಲಿಸಿ. ಅಂಗಡಿಯಲ್ಲಿ ಸಿಗುವ ಗನ್ ತರಹದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮುಟ್ಟುವ ಗೋಜೂ ಇಲ್ಲ.

ಬಿಸಿ ಎಲ್ಲಿಂದ? ಸಾಕೆಟ್ ಒಳಗೆ ಪಿನ್ ಹಿಡಿಯುವ ಹಿತ್ತಾಳೆ ಪಟ್ಟಿ ಸಡಿಲವಾಗಿದೆ ಎನ್ನಿ. ಅಲ್ಲಿ 0.1 ಓಮ್ ರೆಸಿಸ್ಟೆನ್ಸ್ ಬಂತು. ಓಮ್‌ನ ಹತ್ತನೇ ಒಂದು ಭಾಗ, ಕೇಳಲು ಏನೂ ಅಲ್ಲ ಅಲ್ವಾ? 14 ಆಂಪ್‌ನ ವರ್ಗ 196. ಅದನ್ನು 0.1ರಿಂದ ಗುಣಿಸಿದರೆ ಸುಮಾರು 20 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್ ಅನ್ನು ಸಾಕೆಟ್ ಒಳಗೆ ಇಟ್ಟು ರಾತ್ರಿಯೆಲ್ಲ ಆನ್ ಮಾಡಿದಂತೆ. ಬಿಸಿಯಾದ ಹಿತ್ತಾಳೆ ತನ್ನ ಸ್ಪ್ರಿಂಗ್ ಗುಣ ಕಳೆದುಕೊಂಡು ಇನ್ನೂ ಸಡಿಲವಾಗುತ್ತದೆ, ರೆಸಿಸ್ಟೆನ್ಸ್ ಇನ್ನೂ ಏರುತ್ತದೆ. ಆದ್ದರಿಂದ ಇಂದು ಸ್ವಲ್ಪ ಬಿಸಿ ಇದ್ದದ್ದು ಮುಂದೆ ತಾನಾಗಿ ಕಡಿಮೆಯಾಗುವುದಿಲ್ಲ.

ಪ್ಲಗ್ ಹಾಕಿದಾಗ ಗಟ್ಟಿಯಾಗಿ ಹಿಡಿಯಬೇಕು. ಸುಮ್ನೆ ಎಳೆದರೆ ಬಂದುಬಿಡುವ ಸಾಕೆಟ್ ಬೇಡ. ಡಬ್ಬಿ ಪ್ಲಗ್‌ನಿಂದ ಜೋತುಬೀಳುವಂತೆ ಬಿಡುವುದು ಇದಕ್ಕೆ ದೊಡ್ಡ ಕಾರಣ. ಅದರ ಭಾರ ಇಡೀ ರಾತ್ರಿ ಪಿನ್‌ಗಳನ್ನು ಕೆಳಕ್ಕೆ ಎಳೆಯುತ್ತದೆ. ಗೋಡೆಗೆ ಒಂದು ಕೊಕ್ಕೆ ಹೊಡೆದು ಡಬ್ಬಿಯನ್ನು ಅದಕ್ಕೆ ನೇತುಹಾಕಿ. ಸಾಕೆಟ್ ಹಿಂದಿನ ಸ್ಕ್ರೂಗಳನ್ನೂ ನೋಡಿಸಿ. ಎಳೆ ಎಳೆಯಾದ ತಾಮ್ರದ ವೈರ್ ಸ್ಕ್ರೂ ಕೆಳಗೆ ಕೆಲವು ತಿಂಗಳಲ್ಲಿ ಚಪ್ಪಟೆಯಾಗಿ ಹಿಡಿತ ಬಿಡುತ್ತದೆ. ವೈರಿನ ತುದಿಗೆ ಲಗ್ (ಒತ್ತಿ ಕೂರಿಸುವ ಲೋಹದ ಟೋಪಿ) ಹಾಕಿ ಬಿಗಿದಿದ್ದರೆ ಈ ತೊಂದರೆ ಕಡಿಮೆ. ಅಲ್ಯೂಮಿನಿಯಂ ವೈರ್ ಇರುವ ಹಳೆಯ ಮನೆಗಳಲ್ಲಿ ಬಿಗಿದು ಪ್ರಯೋಜನವಿಲ್ಲ, ಕಾರಿಗೆ ಬೇರೆಯೇ ತಾಮ್ರದ ಲೈನ್ ಎಳೆಸಿ.

ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್ ಬದಲಿಸುವಾಗ ಪ್ಲಗ್ ಕಡೆಯ ಪಿನ್ನೂ ನೋಡಿ. ಸುಟ್ಟು ಕಪ್ಪಾದ ಪಿನ್ ಹೊಸ ಸಾಕೆಟ್ಟನ್ನೂ ಹಾಳು ಮಾಡುತ್ತದೆ.

15 ಆಂಪ್ ಪ್ಲಗ್ ಅನ್ನು 5 ಆಂಪ್ ಸಾಕೆಟ್‌ಗೆ ಹಾಕಲು ಸಿಗುವ ಕನ್ವರ್ಟರ್ ಪಿನ್, ಟಿವಿ ಹಿಂದೆ ಇಡುವ ಎಕ್ಸ್‌ಟೆನ್ಶನ್ ಬೋರ್ಡ್, ಸುರುಳಿ ಸುತ್ತಿಟ್ಟ ಉದ್ದನೆಯ ವೈರು, ಇವು ಮೂರೂ ಬೇಡ. ಸುತ್ತಿಟ್ಟ ವೈರು, ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ, ಒಳಗೇ ಕರಗುತ್ತದೆ. ಅಪಾರ್ಟ್‌ಮೆಂಟ್‌ನ ಎರಡನೇ ಮಹಡಿಯಿಂದ ಕಿಟಕಿಯಲ್ಲಿ ಇಳಿಬಿಟ್ಟ ವೈರಿನ ಬಗ್ಗೆ ಬೇರೆ ಹೇಳಬೇಕೇ?

ಸಾಕೆಟ್ ಸರಿಮಾಡಿಸುವ ತನಕ ಕಾರು ಓಡಿಸಲೇಬೇಕು ಎಂದಾದರೆ ಕರೆಂಟ್ ಇಳಿಸಿ ನೋಡಿ. ಕಾರಿನ ಸ್ಕ್ರೀನ್ ಅಥವಾ ಡಬ್ಬಿಯ ಬಟನ್‌ನಲ್ಲಿ ಇದಕ್ಕೆ ಅವಕಾಶ ಇರುವ ಮಾದರಿಗಳು ಇವೆ. 14ರಿಂದ 10 ಆಂಪ್‌ಗೆ ಇಳಿಸಿದರೆ ಅದೇ ಜಾಗದ ಬಿಸಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಇದು ಬೆಚ್ಚಗಾಗುವ ಸಾಕೆಟ್‌ಗೆ ಮಾತ್ರ. ಸುಟ್ಟ ಗುರುತು ಇರುವುದಕ್ಕೆ ಇದನ್ನೂ ಮಾಡಬೇಡಿ.

ಎಂಸಿಬಿ ಬೀಳುತ್ತಿದೆ

ಯಾವಾಗ ಬೀಳುತ್ತದೆ ಎನ್ನುವುದೇ ಸುಳಿವು. ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್. ಅರ್ಧ ಗಂಟೆ, ಒಂದು ಗಂಟೆ ಆದ ಮೇಲೆ ಬಿದ್ದರೆ ಬಿಸಿ. ಎಂಸಿಬಿಗಳನ್ನು 30 ಡಿಗ್ರಿ ಬಿಸಿಲಿನ ಲೆಕ್ಕದಲ್ಲಿ ಮಾಡಿರುತ್ತಾರೆ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲಿಗೆ ಮೈಯೊಡ್ಡಿದ ತಗಡಿನ ಡಬ್ಬಿಯೊಳಗೆ ಕೂತ 16 ಆಂಪ್ ಎಂಸಿಬಿ 14 ಆಂಪ್‌ಗೇ ಸುಸ್ತಾಗಿ ಬೀಳಬಹುದು. ಬೋರ್ಡ್ ನೆರಳಿಗೆ ಬಂದರೆ ಎಷ್ಟೋ ಸಲ ಸಾಕು.

ಎಲೆಕ್ಟ್ರಿಷಿಯನ್ ತಕ್ಷಣ ಹೇಳುವುದು "20 ಆಂಪ್ ಹಾಕಿಬಿಡೋಣ" ಎಂದು. ಹಾಕಬಹುದು, ಒಂದು ಷರತ್ತಿನ ಮೇಲೆ: ಬೋರ್ಡ್‌ನಿಂದ ಸಾಕೆಟ್ ತನಕ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇರಬೇಕು. ಎಂಸಿಬಿ ಕಾಯುವುದು ವೈರನ್ನು, ಕಾರನ್ನಲ್ಲ. ತೆಳು ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ಬೀಳುವುದು ನಿಲ್ಲುತ್ತದೆ, ಗೋಡೆಯೊಳಗೆ ವೈರ್ ಬೇಯಲು ಶುರುವಾಗುತ್ತದೆ.

ಬೀಳುತ್ತಿರುವುದು ಕಾರಿನ ಎಂಸಿಬಿ ಅಲ್ಲ, ಮೇನ್ ಎಂದಾದರೆ ಒಟ್ಟು ಲೋಡ್ ಕೂಡಿ ನೋಡಿ. ಬೆಳಗ್ಗೆ ಆರಕ್ಕೆ ಗೀಸರ್, ಸಂಪಿನ ಮೋಟರ್, ಕಾರು ಮೂರೂ ಒಟ್ಟಿಗೆ ಬಂದರೆ ಸಿಂಗಲ್ ಫೇಸ್ ಮನೆ ತಡೆಯುವುದು ಕಷ್ಟ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಅದು 2 ಅಥವಾ 3 ಇದ್ದರೆ ಕಾರು ಒಂದೇ ಅದನ್ನು ಮೀರುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಯಾವುದು ನಿಮ್ಮದೋ ಅಲ್ಲಿ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ಮೂರು ಫೇಸ್ ಇರುವ ಮನೆಗಳಲ್ಲಿ ಒಂದು ಫೇಸ್ ಹೋದಾಗ ಚೇಂಜ್ ಓವರ್ ತಿರುಗಿಸಿ ಎಲ್ಲವನ್ನೂ ಉಳಿದ ಫೇಸ್‌ಗೆ ತರುವ ಅಭ್ಯಾಸ ಇದೆ. ಆ ಹೊತ್ತಿನಲ್ಲಿ ಕಾರನ್ನು ಆಫ್ ಮಾಡಿ.

(ಗೃಹ ಜ್ಯೋತಿಯ ಫಲಾನುಭವಿಗಳಿಗೆ ಒಂದು ಕಿವಿಮಾತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನಾ ಓಡುವ ಕಾರು ಸುಲಭವಾಗಿ ದಾಟಿಸುತ್ತದೆ. ಇದು ವೈರಿಂಗ್ ದೋಷವಲ್ಲ, ಮೀಟರ್ ದೋಷವೂ ಅಲ್ಲ.)

ಆರ್‌ಸಿಸಿಬಿ ಬೀಳುತ್ತಿದೆ

ಇದನ್ನು ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಟೆಸ್ಟ್ ಎಂಬ ಬಟನ್ ಇರುವುದು. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಾರದೆ ಎಲ್ಲೋ ಸೋರಿದರೆ ಇದು ಬೀಳುತ್ತದೆ. ಮನೆಗಳಲ್ಲಿ ಮನುಷ್ಯರ ರಕ್ಷಣೆಗೆ ಹಾಕುವುದು 30 ಮಿಲಿಆಂಪ್‌ನದು. ಅದು 15 ದಾಟಿದರೆ ಬೀಳಬಹುದು, 30ಕ್ಕೆ ಬೀಳಲೇಬೇಕು.

ಕಾರಿನ ಚಾರ್ಜರ್ ಯಾವ ದೋಷ ಇಲ್ಲದೆಯೂ ಅರ್ಥ್‌ಗೆ ಸ್ವಲ್ಪ ಸೋರುತ್ತದೆ. ಅದರ ಫಿಲ್ಟರ್ ಇರುವುದೇ ಹಾಗೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಹಳೇ ಫ್ರಿಜ್ಜು, ವಾಷಿಂಗ್ ಮಷಿನ್, ಸಂಪಿನ ಮೋಟರ್ ಎಲ್ಲವುಗಳ ಸಣ್ಣ ಸಣ್ಣ ಸೋರಿಕೆ ಕೂಡಿ ಮೊದಲೇ ಅಂಚಿನಲ್ಲಿರುತ್ತದೆ. ಕಾರು ಕೊನೆಯ ಹನಿ ಸೇರಿಸುತ್ತದೆ, ಬೈಗುಳ ಅದಕ್ಕೆ ಬೀಳುತ್ತದೆ. ಬೇರೆಲ್ಲ ಎಂಸಿಬಿ ಇಳಿಸಿ ಕಾರನ್ನು ಮಾತ್ರ ಹಾಕಿ. ಆಗ ಬೀಳದಿದ್ದರೆ ಒಂದೊಂದೇ ಎಂಸಿಬಿ ಮೇಲೆ ಮಾಡುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಲೈನ್‌ನಲ್ಲಿ ಕಳ್ಳ ಇದ್ದಾನೆ. ಬರೀ ಕಾರಿಗೇ ಬಿದ್ದರೆ ಸಾಕೆಟ್‌ನ ನ್ಯೂಟ್ರಲ್ ಬೇರೆ ಲೈನಿನದೇ, ಅರ್ಥ್‌ಗೆ ತಾಗಿದೆಯೇ ಎಂದು ನೋಡಿಸಿ. ನ್ಯೂಟ್ರಲ್‌ಗಳ ಕಲಬೆರಕೆ ಇದ್ದರೆ ಲೋಡ್ ಬಂದ ಕೂಡಲೇ ಬೀಳುತ್ತದೆ.

ಕಾರಿಗೆ ಬೇರೆಯೇ ಆರ್‌ಸಿಸಿಬಿ ಹಾಕಿಸುವುದು ಸರಿಯಾದ ದಾರಿ. ಅಂಗಡಿಯಲ್ಲಿ "ಎ ಟೈಪ್" ಎಂದು ಕೇಳಿ. ಸಾಮಾನ್ಯವಾಗಿ ಕೊಡುವುದು "ಎಸಿ ಟೈಪ್". ಚಾರ್ಜರ್‌ನಂಥ ಎಲೆಕ್ಟ್ರಾನಿಕ್ ಲೋಡ್‌ನಿಂದ ತುಂಡು ತುಂಡಾಗಿ ಸೋರುವ ಕರೆಂಟ್ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಪದೇ ಪದೇ ಬೀಳುತ್ತದೆ ಎಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವವರೂ ಇದ್ದಾರೆ. ನ್ಯೂಟ್ರಲ್ ಲೂಪ್ ಹಾಕುವವರ ಅಣ್ಣತಮ್ಮಂದಿರು.

ಚಾರ್ಜ್ ಆಗುತ್ತದೆ, ಆದರೆ ನಿಧಾನ

ಡಬ್ಬಿ ಕಾರಿಗೆ ಹೇಳುವುದು ಆಂಪ್ ಮಿತಿ, ವ್ಯಾಟ್ ಅಲ್ಲ. ವೋಲ್ಟೇಜ್ 190ಕ್ಕೆ ಇಳಿದರೆ ಕಾರು ಆಗಲೂ 14 ಆಂಪ್ ಎಳೆಯುತ್ತದೆ, ಸಿಗುವುದು 2.7 ಕಿಲೋವ್ಯಾಟ್‌ಗೂ ಕಡಿಮೆ. ಸಂಜೆ ನಿಧಾನ, ಮಧ್ಯರಾತ್ರಿಯ ನಂತರ ಚುರುಕು ಎಂದಾದರೆ ಕಾರಣ ಇದೇ. ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲೂ ಹೀಗಾಗುತ್ತದೆ. ಇನ್ನೂ ಇಳಿದರೆ ಡಬ್ಬಿ ಪೂರ್ತಿ ನಿಲ್ಲಿಸುತ್ತದೆ.

ಸ್ಟೆಬಿಲೈಸರ್ ಹಾಕೋಣವೇ? ಬೇಡ. 190 ಅನ್ನು 230 ಮಾಡಿ 14 ಆಂಪ್ ಕೊಡಬೇಕಾದರೆ ಅದು ಗೋಡೆಯಿಂದ 17 ಆಂಪ್ ಎಳೆಯಬೇಕು. ಸಾಕೆಟ್ಟಿನ ಮಿತಿ 16. ಟೈಮರ್ ಹಾಕಿ ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಮಾಡುವುದೇ ವಾಸಿ.

ವೋಲ್ಟೇಜ್ ಬೀಳುತ್ತಿರುವುದು ಬೀದಿಯಲ್ಲೋ ಮನೆಯಲ್ಲೋ ಎಂದು ತಿಳಿಯಲು ಎರಡು ಕಡೆ ಅಳೆಸಬೇಕು: ಸಾಕೆಟ್‌ನಲ್ಲಿ ಮತ್ತು ಮೀಟರ್ ಬೋರ್ಡ್‌ನಲ್ಲಿ, ಚಾರ್ಜಿಂಗ್ ಶುರುವಿಗೆ ಮೊದಲು ಮತ್ತು ಶುರುವಾದ ಮೇಲೆ. 20 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರೆ 14 ಆಂಪ್‌ಗೆ ನಾಲ್ಕೈದು ವೋಲ್ಟ್ ಬೀಳುವುದು ಲೆಕ್ಕದಂತೆ ಸರಿ. 4 ಸ್ಕ್ವೇರ್ ಎಂಎಂ ಆದರೆ ಮೂರರ ಒಳಗೆ. ಮೀಟರ್ ಬಳಿ 230 ಇದ್ದು ಸಾಕೆಟ್‌ನಲ್ಲಿ 205 ಆದರೆ? ನಡುವೆ 25 ವೋಲ್ಟ್ ಮಾಯ. 14 ಆಂಪ್‌ನಿಂದ ಗುಣಿಸಿ: 350 ವ್ಯಾಟ್ ನಿಮ್ಮ ಗೋಡೆಯೊಳಗೆ ಎಲ್ಲೋ ಬಿಸಿಯಾಗಿ ಹೋಗುತ್ತಿದೆ. ಯಾವುದೋ ಜಾಯಿಂಟ್ ಸುಡುತ್ತಿದೆ. ಅದನ್ನು ಹುಡುಕುವ ತನಕ ಆ ಲೈನ್ ಬಳಸಬೇಡಿ. ಮೀಟರ್ ಬಳಿಯೇ 205 ಇದ್ದರೆ ದೋಷ ಕಂಬದ ಕಡೆ. 1912ಕ್ಕೆ ದೂರು ಕೊಡಿ, ಸರ್ವಿಸ್ ವೈರಿನ ಜಾಯಿಂಟ್ ನೋಡಲು ಲೈನ್‌ಮ್ಯಾನ್ ಬರಲಿ. ಕಾರು ಹಾಕಿದಾಗ ಲೈಟ್ ಕೆಲವು ಮಂಕಾಗಿ ಕೆಲವು ಜಾಸ್ತಿ ಉರಿದರೆ ಅದು ನ್ಯೂಟ್ರಲ್ ಸಡಿಲಾದ ಲಕ್ಷಣ, ಮೂರು ಫೇಸ್ ಮನೆಗಳಲ್ಲಿ ಕಾಣುತ್ತದೆ. ಮೇನ್ ಆಫ್ ಮಾಡಿ ಆಮೇಲೆ ಫೋನ್ ಮಾಡಿ.

ಶೇ. 90ರ ಮೇಲೆ ನಿಧಾನವಾಗುವುದು ದೋಷವಲ್ಲ. ಬ್ಯಾಟರಿ ತನ್ನ ಸೆಲ್‌ಗಳನ್ನು ಸರಿದೂಗಿಸಿಕೊಳ್ಳುತ್ತಿರುತ್ತದೆ.

ಮಳೆ, ಸಿಡಿಲು, ಹಲ್ಲಿ

ಮಲೆನಾಡು, ಕರಾವಳಿಯಲ್ಲಿ ಜೂನ್ ಬಂತೆಂದರೆ ಹೊರಗಿನ ಸಾಕೆಟ್ ಒಳಗೆ ತೇವ ಕೂರುತ್ತದೆ. ಬೆಳಗ್ಗೆ ಆರ್‌ಸಿಸಿಬಿ ಬೀಳುತ್ತದೆ, ಬಿಸಿಲು ಬಂದ ಮೇಲೆ ನಿಲ್ಲುತ್ತದೆ. ಮುಚ್ಚಳ ಇರುವ, ನೀರು ಹೋಗದ ಡಬ್ಬಿಯೊಳಗೆ ಸಾಕೆಟ್ ಹಾಕಿಸಿ. ವೈರ್ ಕೆಳಗಿನಿಂದ ಒಳಹೋಗಲಿ, ಮೇಲಿನಿಂದ ಬಂದರೆ ನೀರು ಅದನ್ನೇ ಹಿಡಿದು ಇಳಿಯುತ್ತದೆ. ಗನ್ ಬಳಸದಾಗ ಮುಚ್ಚಳ ಹಾಕಿ ಬಾಯಿ ಕೆಳಗೆ ಮಾಡಿ ತೂಗುಹಾಕಿ. ಚಾರ್ಜ್ ಆಗುವಾಗ ಡಬ್ಬಿ ನೆಲದ ಮೇಲೆ, ನೀರು ನಿಲ್ಲುವ ಕಡೆ ಇರಬಾರದು.

ಸಾಕೆಟ್ ತೂತಿನಲ್ಲಿ ಇರುವೆ ಗೂಡು, ಕಣಜದ ಮಣ್ಣು, ಒಳಗೆ ಸತ್ತ ಹಲ್ಲಿ. ನಗಬೇಡಿ, ಹೊರಗಿನ ಬೋರ್ಡ್‌ಗಳಲ್ಲಿ ಇದೆಲ್ಲ ಸಿಗುತ್ತದೆ. ಪಿನ್ ಪೂರ್ತಿ ಒಳಹೋಗದಿದ್ದರೆ ಒತ್ತಿ ತಳ್ಳಬೇಡಿ, ಎಂಸಿಬಿ ಇಳಿಸಿ ಬಿಚ್ಚಿಸಿ.

ಮುಂಗಾರು ಪೂರ್ವ ಗುಡುಗಿನ ದಿನಗಳಲ್ಲಿ ಸಂಜೆ ಮೋಡ ಕಟ್ಟಿದರೆ ಚಾರ್ಜಿಂಗ್ ನಿಲ್ಲಿಸಿ ಪ್ಲಗ್ ತೆಗೆದುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಫೇಸ್ ಮಾತ್ರ ಕಡಿಯುತ್ತದೆ. ಬೋರ್ಡ್‌ಗೆ ಸರ್ಜ್ (ಒಮ್ಮೆಲೇ ಏರುವ ವೋಲ್ಟೇಜ್) ತಡೆಯುವ ಎಸ್‌ಪಿಡಿ ಹಾಕಿಸಬಹುದು. ಆದರೆ ಅದೂ ಸರ್ಜ್ ಅನ್ನು ಹರಿಸುವುದು ಅರ್ಥ್‌ಗೇ. ಅರ್ಥ್ ಸರಿಯಿಲ್ಲದ ಮನೆಯಲ್ಲಿ ಅದಕ್ಕೆ ಕೊಟ್ಟ ದುಡ್ಡು ದಂಡ.

ಹೊಸ ಲೈನ್ ಎಳೆಸುವುದಾದರೆ

ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ. ಮೇನ್ ಬೋರ್ಡ್‌ನಿಂದ ಕಾರಿನ ಜಾಗಕ್ಕೆ ಬೇರೆಯೇ ಲೈನ್, ಮಧ್ಯೆ ಜಾಯಿಂಟ್ ಇಲ್ಲದೆ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 4 ಸ್ಕ್ವೇರ್ ಎಂಎಂ ತಾಮ್ರ. 20 ಆಂಪ್ ಸಿ ಕರ್ವ್ ಎಂಸಿಬಿ. ಎ ಟೈಪ್ 30 ಮಿಲಿಆಂಪ್ ಆರ್‌ಸಿಸಿಬಿ. ಐಎಸ್‌ಐ ಗುರುತಿನ 16 ಆಂಪ್ ಸಾಕೆಟ್, ಅದೇ ಬೋರ್ಡ್‌ನಲ್ಲಿ ಬೇರೆ ಪಾಯಿಂಟ್ ಬೇಡ. ಸಾಕೆಟ್ ಎದೆಯೆತ್ತರಕ್ಕೆ ಇರಲಿ, ಪಕ್ಕದಲ್ಲಿ ಡಬ್ಬಿಗೆ ಕೊಕ್ಕೆ. ಕೆಲಸ ಮುಗಿದ ಮೇಲೆ ಅರ್ಥ್ ಅಳತೆ, ಮತ್ತು ಕಾರು ಹಾಕಿ ಒಂದು ಗಂಟೆ ಆದ ಮೇಲಿನ ವೋಲ್ಟೇಜ್ ಅಳತೆ, ಎರಡನ್ನೂ ಬೋರ್ಡ್ ಬಾಗಿಲಿನ ಒಳಗೆ ತಾರೀಖಿನ ಜೊತೆ ಬರೆಸಿ. ಆರು ತಿಂಗಳಿಗೊಮ್ಮೆ ಸ್ಕ್ರೂ ಬಿಗಿಸುವಾಗ ಮತ್ತೆ ಅಳೆದರೆ ಏನು ಬದಲಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವುದಕ್ಕೆ ಎಲೆಕ್ಟ್ರಿಷಿಯನ್ ಬೇಕಿಲ್ಲ, ತಿಂಗಳಿಗೊಮ್ಮೆ ನೀವೇ ಒತ್ತಿ. ಒತ್ತಿದರೂ ಬೀಳದಿದ್ದರೆ ಅವತ್ತೇ ಬದಲಿಸಿ.